ಉಂಬಳ ಇಲ್ಲದ ಕಾಡು

ಅರಬೈಲ್ ಘಾಟಿನ ನಾಲ್ಕನೇ ತಿರುವಿನಲ್ಲಿ
ಇಳಿದು ಸೈಕಲ್ಲು ತಳ್ಳುತ್ತಿದ್ದೆ.
ಅದಿರಿನ ಲಾರಿಯೊಂದು ಮಗ್ಗುಲಿಗೆ ಬಂದು ಏದುಸಿರು ಬಿಟ್ಟಿತು.
ಡ್ರೈವರು ಕಿಟಕಿಯಿಂದ ತಲೆ ಹಾಕಿ
'ವಿಚ್ ಕಂಟ್ರಿ?' ಅಂದ.
'ಇಡಗುಂದಿ' ಅಂದೆ.
ಗೇರು ಬದಲಿಸಿ ಹೋದ.

ಈ ಪ್ರಶ್ನೆ ತಪ್ಪಿದ್ದು ಒಂದೇ ಸಲ,
ಓಟದ ಶಿಬಿರಕ್ಕೆಂದು ಕೀನ್ಯಾಕ್ಕೆ ಹೋದಾಗ.
ರಜೆಯ ಭಾನುವಾರ, ಬಾಡಿಗೆ ಸೈಕಲ್ಲು,
ಹಿಂದಿನ ಬ್ರೇಕು ಮಾತ್ರ ಹಿಡಿಯುವಂಥದ್ದು.
ನರಕದ ಬಾಗಿಲು ಅಂತ ಆ ಕಾಡಿನ ಹೆಸರು.
ಗೇಟಿನಲ್ಲಿ ಕೂತವಳು ನನ್ನ ಮುಖ ನೋಡಿ
ಅವಳ ಭಾಷೆಯಲ್ಲಿ ಏನೋ ಕೇಳಿ, ನಕ್ಕು,
ಊರವರ ದರದ ಚೀಟಿ ಹರಿದಳು.
ನಾನು ಸುಮ್ಮನಿದ್ದೆ. ಬಾಯಿ ಬಿಟ್ಟರೆ ಕೊಂಕಣಿ.
ಎಷ್ಟು ಹೊತ್ತು ಅದು?
ಚೀಟಿ ಬೆರಳಿಗೆ ತಾಗುವಷ್ಟು.
ಆಮೇಲೆ ಪಾಸ್‌ಪೋರ್ಟು ತೆರೆದು
ಜು-ವಾ-ನಾ ಮಿಂ-ಗೇ-ಲ ಸಿದ್ದಿ
ಎಂದು ಅಕ್ಷರ ಕೂಡಿಸಿ ಓದಿದಳು,
ಚೀಟಿ ವಾಪಸು ತಕ್ಕೊಂಡಳು,
ಹೊರದೇಶದವರ ದರ ಹೇಳಿದಳು.

ಒಳಗೆ ಮರವೇ ಕಡಿಮೆ.
ಹುಲ್ಲು, ಕೆಂಪು ಬಂಡೆ, ಮರೆಯೇ ಇಲ್ಲದ ಆಕಾಶ;
ಅಷ್ಟು ಬಯಲನ್ನು ನಾನು ಕಂಡಿದ್ದು ಅಂಕೋಲೆಯ ಕಡಲಲ್ಲಿ ಮಾತ್ರ.
ಪಟ್ಟೆಕುದುರೆಗಳು ದಾರಿಗಡ್ಡ ನಿಂತಿದ್ದವು.
ಗಂಟೆ ಬಾರಿಸಿದೆ. ಕಿವಿ ತಿರುಗಿಸಿದವು, ಅಷ್ಟೇ.
ನಮ್ಮಲ್ಲಿ ಸಪ್ಪಳ ಮೊದಲು, ಪ್ರಾಣಿ ಆಮೇಲೆ,
ಎಷ್ಟೋ ಸಲ ಬರೀ ಸಪ್ಪಳ.
ಅಲ್ಲಿ ಜಿರಾಫೆಯೊಂದು ಮೈಲಿ ದೂರದಿಂದಲೇ
ನನ್ನನ್ನು ನೋಡುತ್ತ ನಿಂತಿತ್ತು,
ಬರುವವಳು ಬರಲಿ ಎಂಬ ಹಾಗೆ.
ಮುತ್ತಜ್ಜನ ಮುತ್ತಜ್ಜ ಇಂಥದ್ದನ್ನು ಕಂಡಿದ್ದನೋ,
ಹಡಗಿನ ಹೊಟ್ಟೆಯನ್ನಷ್ಟೇ ಕಂಡನೋ.
ಅಳು ಬರಬೇಕಿತ್ತೇನೋ. ಬಾಯಾರಿತು.
ಚೈನು ಕಳಚಿತು. ಕೈಯೆಲ್ಲ ಗ್ರೀಸು.

ಈಗ ಕೈತಾನಿ ಮೌಶಿಯ ಅಂಗಳದಲ್ಲಿ ಸೈಕಲ್ಲು ಒರಗಿಸಿದರೆ
ಅವಳು ಮೊದಲು ನೋಡಿದ್ದು ನನ್ನ ಪಾದ.
ಬೆರಳ ಸಂದಿಯ ಉಂಬಳ ಕಿತ್ತು, ಸುಣ್ಣ ಹಚ್ಚುತ್ತ,
ಹತ್ತನೇ ಸಲವೋ ಏನೋ, ಶುರು ಮಾಡಿದಳು:
'ಅಲ್ಲಿ ಹಲಸು?'
'ಕಾಣಲಿಲ್ಲ.'
'ಬಿದಿರು?'
'ನಾ ಹೋದ ಕಡೆ ಇರಲಿಲ್ಲ.'
'ಉಂಬಳವಾದರೂ?'
'ಒಂದೂ ಇಲ್ಲ.'
'ಮತ್ತೆ ಎಂಥಾ ಕಾಡೇ ಅದು,
ಮೇಲಿಂದ ದುಡ್ಡು ಬೇರೆ ಕೊಟ್ಟು ಬಂದೆ!'
ನಕ್ಕಳು. ಎಲೆಯಡಿಕೆ ಉಗಿದು ಬಂದಳು.
ಆಮೇಲೆ ನನ್ನ ಕಡೆ ನೋಡದೆ,
'ಆ ಗೇಟಿನವಳು
ಚೀಟಿ ಹರಿಯುವ ಮೊದಲು ಕೇಳಿದಳಲ್ಲ,
ಎಂತ ಕೇಳಿದಳು?'

'ಅರ್ಥವಾಗಲಿಲ್ಲ ಮೌಶಿ,
ಸದ್ದು ಮಾತ್ರ ನೆನಪಿದೆ.'

'ಸದ್ದೇ ಹೇಳು' ಅಂದಳು,
ನನ್ನ ಹೆಬ್ಬೆರಳ ರಕ್ತ ಒರೆಸುತ್ತ.