ಗಾಡಿ ಓಡಿಸುವವಳ ಪಾಲು

ನನ್ನ ಪಾಲಿಗೆ ವಾಸನೆ ಮಾತ್ರ.
ನಾರ್ವೆಯ ಪೊಲೀಸರು ಗುಟುಕಿಗೂ ಲೆಕ್ಕ ಕೇಳುತ್ತಾರೆ;
ಮೂವರು ಮುದುಕರನ್ನು ಕಣಿವೆಯುದ್ದಕ್ಕೂ ಸುತ್ತಿಸುವ
ವ್ಯಾನಿನ ಕೀಲಿ ನನ್ನ ಕೈಯಲ್ಲಿ.
ಅಕ್ಟೋಬರಿನ ಕೊನೆಯ ಶನಿವಾರ. ಬೆಟ್ಟದ ನೆತ್ತಿಗೆ ಆಗಲೇ ಹಿಮ,
ಕೆಳಗೆ ಫ್ಯೋರ್ಡಿನ ನೀರು, ಸೀಸದ ತಗಡು.

ಮೊದಲು ದೋಣಿಕಟ್ಟೆಯ ಹೊಸ ಬ್ರೂವರಿ.
ಮೀನಿಗೆ ಉಪ್ಪು ಹಾಕುತ್ತಿದ್ದ ಶೆಡ್ಡಿನಲ್ಲಿ ಈಗ ಸ್ಟೀಲಿನ ನಾಲ್ಕು ಹಂಡೆ,
ಗಡ್ಡದ ಹುಡುಗ ಐವಿನ್, ಹಲಗೆಯ ಮೇಲೆ ಆರು ಪುಟಾಣಿ ಗ್ಲಾಸು.
ಒಂದರಲ್ಲಿ ಮಾವಿನ ಹಣ್ಣಂತೆ, ಇನ್ನೊಂದರಲ್ಲಿ ಸಮುದ್ರದ ಪಾಚಿ.
ಸ್ಟೈನಾರ್ ಪಾಚಿಯದನ್ನು ಕುಡಿದು,
"ದೋಣಿ ಮಗುಚಿದ ದಿನ ಥೇಟ್ ಇದೇ ರುಚಿ" ಎಂದ.
ಐವಿನ್ ನಕ್ಕು, ಬರೆದುಕೊಂಡ.
ಒಳ್ಳೆಯ ಹುಡುಗ, ಸುಂಕದ ಕಾಗದಗಳಲ್ಲಿ ಮುಳುಗಿದ್ದಾನೆ.
ಅವನ ಕಪ್ಪು ಬಿಯರು ಸೀದ ರೊಟ್ಟಿಯ ಹಾಗೆ ಘಮ್ಮೆಂದಿತು.
ನನಗೆ ಗೊತ್ತು, ಗ್ಲಾಸಿನೊಳಗೇ ಇತ್ತು ಮೂಗು.

ಆಮೇಲೆ ಹೊಲಮನೆಗಳು. ಬೋರ್ಡಿಲ್ಲ, ಬೆಲೆಯಿಲ್ಲ,
ಹೊಗೆ ಎದ್ದಲ್ಲಿ ಗಾಡಿ ನಿಲ್ಲಿಸಬೇಕು.
ಜುನಿಪರ್ ಸೊಪ್ಪು ಕುದಿಸಿದ ನೀರು, ಹೊಗೆ ಕುಡಿದ ಮೊಳಕೆ ಬಾರ್ಲಿ,
ಮತ್ತೆ, ಹೆಪ್ಪು.
ಮೊಸರಿಗೆ ಹೇಗೋ ಬಿಯರಿಗೂ ಹಾಗೇ:
ಹಿಂದಿನದರ ತಳದಿಂದ ಮುಂದಿನದು,
ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು.

ದೊಡ್ಡಪ್ಪ ಆರ್ನ್‌ಫಿನ್ ಬಟ್ಟಲು ಹಿಡಿದಿರಲಿಲ್ಲ.
ಅವನ ಹೆಪ್ಪು ಸತ್ತು ಹದಿನಾಲ್ಕು ತಿಂಗಳು.
ಫ್ರೀಜರಿನ ಪ್ಲಗ್ ಕಿತ್ತು ಯಾರೋ ಹೇರ್ ಡ್ರೈಯರ್ ಸಿಕ್ಕಿಸಿದ್ದರು.
ಯಾರೋ ಅಂದರೆ ನಾನು.
ಬೈಯಲಿಲ್ಲ. ಊರಿಗೂ ಹೇಳಲಿಲ್ಲ.
"ಈ ಕ್ರಿಸ್ಮಸ್ಸಿಗೆ ಸೊಂಟ ನೋವು" ಅಂದ, ಅಷ್ಟೆ.

ಟೋರ್ಗೈರನ ಮನೆಯಲ್ಲಿ ಒದ್ದೆ ಹುಲ್ಲಿನ ಘಾಟು.
ಮೇಲಿನ ಅಣ್ಣತಮ್ಮಂದಿರಲ್ಲಿ ಜೇನೂ ಹೆಚ್ಚು, ಜಗಳವೂ ಹೆಚ್ಚು.
ಉಳಿದಿಬ್ಬರು ಹಾಡತೊಡಗಿದರು. ದೊಡ್ಡಪ್ಪ ಮಾತ್ರ
ಕತ್ತಲಲ್ಲಿ ಕೀಲಿ ತಡಕುವವನ ಹಾಗೆ
ನಾಲಿಗೆಯಲ್ಲಿ ಏನನ್ನೋ ತಡಕುತ್ತ, ತಲೆಯಾಡಿಸುತ್ತ.

ಕೊನೆಯ ಮನೆ ಬೋರ್ಗಿಲ್ಡಳದು.
ದೋಣಿಮನೆಯ ಗೋಡೆ ಯಾರದೆಂದು ಇಪ್ಪತ್ತಾರು ವರ್ಷ ಮಾತಿಲ್ಲ.
"ನಾನು ಗಾಡಿಯಲ್ಲೇ ಇರ್ತೇನೆ" ಅಂದವನು
ಗಾಳಿ ತಿರುಗಿದ್ದೇ ಇಳಿದು ನಡೆದ.
ಮರದ ಬೋಗುಣಿ. ಬಗ್ಗಿ ಮೂಸಿದೆ ನಾನೂ:
ಕಿತ್ತಳೆ ಸಿಪ್ಪೆ, ಹೊಗೆ, ಹಿಂದೆಲ್ಲೋ ಒಂಚೂರು ಹಸಿ ಅಣಬೆ.
ಅವನು ಕುಡಿದ. ಇಳಿಸಲಿಲ್ಲ.

"ಇದು ಅಮ್ಮನದು."
"ಹೌದು. ನನ್ನದು ಹುಳಿ ಬಿದ್ದ ವರ್ಷ ಕೊಟ್ಟಿದ್ದರು.
ಕೇಳಿದರೆ ವಾಪಸು ಕೊಡೋಣ ಅಂತಿದ್ದೆ. ಯಾರೂ ಕೇಳಲಿಲ್ಲ."

ಕೇಳು, ಕೇಳು ಎಂದು ನಾನು ಮೊಣಕೈಯಲ್ಲಿ ತಿವಿದೆ.
"ಬಾರ್ಲಿ ಎಲ್ಲಿಂದ ತರಿಸಿದೆ?" ಎಂದು ಕೇಳಿದ, ಪುಣ್ಯಾತ್ಮ.
ಅವಳು ಒಲೆಗೆ ಇನ್ನೊಂದು ತುಂಡು ದೂಡಿದಳು.
"ಗುರುವಾರ ಬಾ. ಜಾಡಿ ನಿಂದೇ ತಾ,
ನನ್ನ ಜಾಡಿಗಳು ಹೋದರೆ ಬರೋದಿಲ್ಲ."

ಹೆಪ್ಪು ಹಾಕುವಾಗ ಕೂಗಬೇಕು ಇಲ್ಲಿ.
ಕೂಗು ಎಷ್ಟು ಜೋರೋ ಬಿಯರಿಗೆ ಅಷ್ಟು ಕಸುವು.
ದೊಡ್ಡಪ್ಪ ಬಾಯಿ ತೆರೆದ, ಕೆಮ್ಮು ಬಂತು.
ನನ್ನ ಕಡೆ ನೋಡಿದ.
ನಾನು ಹುಡುಗಿಯರಿಗೆ ಹ್ಯಾಂಡ್‌ಬಾಲ್ ಕಲಿಸುವವಳು,
ಹದಿನಾಲ್ಕು ತಿಂಗಳು ಗಂಟಲಲ್ಲಿ ಇಟ್ಟುಕೊಂಡದ್ದೂ ಇತ್ತು.
ಕೊಟ್ಟಿಗೆಯ ಕುರಿಗಳು ಮೇವು ಬಿಟ್ಟು ತಲೆಯೆತ್ತಿದವು.

ಮೂರು ತಾಸಿಗೆ ನೊರೆ ಏಳಬೇಕು.
ಎರಡೂವರೆ ಆಯಿತು.
ಕಂಬಳಿ ಹೊದಿಸಿದ ತೊಟ್ಟಿಗೆ ಕಿವಿಯಿಟ್ಟು ಕೂತಿದ್ದಾನೆ,
ನಾನು ಏನಾದರೂ ಕೇಳಿದರೆ ಬೆರಳೆತ್ತಿ, ಶ್!
ವ್ಯಾನಿನ ಕೀಲಿಯನ್ನು ಗೂಟಕ್ಕೆ ಹಾಕಿದ್ದೇನೆ.