ಪಟಿಕದ ಕಲ್ಲು

ಗಲ್ಲದ ಗುಳಿಯಲ್ಲಿ ಕತ್ತಿ ತಗುಲಿತು,
ನನ್ನದೇ ತಪ್ಪು.
ಚಿಕ್ಕಬೋರ ಕಣ್ಣೂ ಮಿಟುಕಿಸಲಿಲ್ಲ.
"ವಾರದಿಂದ ಈ ಗಲ್ಲ ನಂದಲ್ಲ ಕಣಣ್ಣ,
ಯಾರದೋ ತಂದು ಅಂಟಿಸಿದಂಗದೆ."

ಪಟಿಕ ಉಜ್ಜಿದೆ, ಒತ್ತಿ ಹಿಡಿದೆ.
ಗುತ್ತಲು ರಸ್ತೆಯಲ್ಲಿ ಕಬ್ಬಿನ ಗಾಡಿ
ಮೂರು ದಾಟಿದವು, ನಾಲ್ಕು.
ನೆತ್ತರು ನಿಲ್ಲಲಿಲ್ಲ.

ಮಂಡ್ಯದವರು ಹಲ್ಲು ನೋಡಿದರು,
ಮೈಸೂರಿನವರು ಸೊಂಟದ ಮೂಳೆ ಕೊರೆದರು.
ಬಿಳಿಕಣ ಉಕ್ಕಿದೆ,
ನರದ ಬುಡಕ್ಕೂ ಇಳಿದಿದೆ ಅಂದರಂತೆ.
ಬೆನ್ನಿಗೆ ಸೂಜಿ. ಐದು ತಿಂಗಳು.

ನಿನ್ನೆ ಬಂದು ಕೂತ. ಹುಬ್ಬೂ ಇಲ್ಲ,
ಏನು ಬೋಳಿಸಲಿ ನಾನು?
ಅಭ್ಯಾಸಕ್ಕೆ ಟವೆಲ್ ಹೊದಿಸಿದೆ.
"ಆ ಕಲ್ಲು ತಿಕ್ಕು ಸಾಕು."

ನೆನೆಸಿ ತಿಕ್ಕಿದೆ.
"ತಣ್ಣಗದೆ... ಎಡಗಡೆ ಮಾತ್ರ."
ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದ.
"ಬಲಗಡೆ ಇನ್ನೊಂದ್ಸಲ" ಅಂದ.