ನಡುಗೆರೆ

ಸೋಮವಾರ ಸೊಲ್ಲಾಪುರದಲ್ಲಿ ಕತ್ತರಿಗೆ ರಜೆ.
ನನಗಲ್ಲ.

ನವೀ ಪೇಠೆಯ ಗಾಜಿನ ಕಪಾಟಿನಲ್ಲಿ
ಹಳದಿ ರಬ್ಬರಿನ ಅಂಗಿ ತೊಟ್ಟ ಮೀಟರೊಂದು ಕೂತಿತ್ತು.
ಬೆಲೆ ಕೇಳಿದೆ:
ನೂರು ತಲೆ, ಮೇಲೆ ಐವತ್ತು ಗಡ್ಡ.
ಪಕ್ಕದಲ್ಲಿ ಇನ್ನೊಂದು, ನೂಲಿನಂಥ ತಂತಿಯದು,
ಎರಡೇ ತಲೆಗೆ ಬರುತ್ತಿತ್ತು.
ಒಳಗೆ ಫ್ಯೂಸಿದೆಯೇನಪ್ಪ ಎಂದರೆ
ಹುಡುಗ ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸಿದ.
ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ,
ಚಿತ್ರ ನೋಡುವುದಿಲ್ಲ.

ಹೀಗಾಗಿ ದಸ್ತಗೀರನ ಗುಜರಿ.
ಫ್ಯಾನಿನ ರೆಕ್ಕೆ, ಮಗ್ಗದ ಲಾಳಿ, ಸೈಕಲ್ಲಿನ ಗಂಟೆಗಳ ನಡುವೆ
ಅಂಗಾತ ಬಿದ್ದಿತ್ತು, ಗುಂಡಿ ಓಮಿನ ಮೇಲೆ ನಿಂತು.
"ಸತ್ತದ ಅದು. ತೂಕಕ್ಕ ಕೊಡ್ತೀನಿ, ಒಯ್ಯಿ."
ಬ್ಯಾಟರಿಯ ಬಾಗಿಲು ತೆರೆದೆ: ಹಸಿರು ಉಪ್ಪು.
ಆದರೆ ಸಾಕೆಟ್ಟಿನ ಹಿತ್ತಾಳೆ ಇನ್ನೂ ಮಿನುಗುತ್ತಿತ್ತು,
ಒಳ್ಳೆಯ ಮನೆತನದ್ದು.
ಒಂದು ಗಡ್ಡದ ದುಡ್ಡು ಕೊಟ್ಟೆ.

ಅಂಗಡಿಯ ಶಟರು ಅರ್ಧ ಎಳೆದು
ಗಿರಾಕಿಯ ಕುರ್ಚಿಯಲ್ಲೇ ಮಲಗಿಸಿದೆ,
ಅಡಿಗೆ ಟವೆಲ್ಲು, ಮೇಲೆ ದೀಪ, ಎದುರಿಗೆ ಕನ್ನಡಿ.
ನಾಲ್ಕು ಸ್ಕ್ರೂ.
ಫ್ಯೂಸಿನ ಜಾಗದಲ್ಲಿ
ಸುರುಳಿ ಸುತ್ತಿದ ಸಿಗರೇಟಿನ ಬೆಳ್ಳಿ ಕಾಗದ!
ಯಾವ ಪುಣ್ಯಾತ್ಮ ಇವನು?
ಮುಚ್ಚಳದ ಒಳಗೆ ಮೊಳೆಯಲ್ಲಿ ಗೀರಿದ ತೆಲುಗು,
ತಲೆಕಟ್ಟು ತುಸು ಬೇರೆ, ಮುಖ ನಮ್ಮದೇ;
ಕೂಡಿಸಿ ಓದಿದೆ: ಯೆಮುಲ ಮಲ್ಲೇಶಂ, ಮೂರನೇ ಪಾಳಿ.

ಮಲ್ಲೇಶಾ, ನಾನೂರ ನಲವತ್ತರ ಎದುರು
ಬೆಳ್ಳಿ ಕಾಗದ ನಂಬಿ ನಿಂತೆಯಲ್ಲ.
ರಾತ್ರಿ ಎರಡಕ್ಕೆ ಫ್ಯೂಸು ಮಾರುವವರು ಯಾರಿದ್ದರು,
ಮಗ್ಗ ನಿಂತರೆ ಸೇಠ ಬಿಡುತ್ತಿದ್ದನೇ.
ಬೈಯಲು ತೆರೆದ ಬಾಯಿ
ಹಾಗೇ ಮುಚ್ಚಿದೆ.

ಉಪ್ಪಿಗೆ ನಿಂಬೆಹುಳಿ.
ಗುಂಡಿಯ ಅಡಿಯ ಹೊಂಬಣ್ಣದ ಬಳೆಗಳಿಗೆ
ಗಡ್ಡದ ಸ್ಪಿರಿಟ್ಟು, ಹಳೆಯ ಬ್ರಶ್ಶು.
ಅಷ್ಟರಲ್ಲಿ ಸಾಸಿವೆಯಂಥ ಉಕ್ಕಿನ ಗುಂಡೊಂದು ಚಿಮ್ಮಿ
ಭಾನುವಾರದ ಕೂದಲಲ್ಲಿ ಅಡಗಿತು.
ಅಯಸ್ಕಾಂತ ಹಿಡಿದು ಊರವರ ತಲೆಗೂದಲನ್ನೆಲ್ಲ
ನೆಲದ ಮೇಲೆ ಮತ್ತೊಮ್ಮೆ ಬಾಚಿದೆ,
ಪುಕ್ಕಟೆ.

ಹೊಸ ಬ್ಯಾಟರಿ. ಪಿಂಗಾಣಿಯ ಫ್ಯೂಸು, ಮೂರು ಗಡ್ಡ.
ಅಂಕಿಗಳು ಕಣ್ಣು ಬಿಟ್ಟವು.
ಬಿಟ್ಟವು, ಆದರೆ ಕೊನೆಯ ಮನೆಗೆ ನಡುಗೆರೆ ಇಲ್ಲ.
ನಡುಗೆರೆ ಇಲ್ಲದ ಎಂಟು ಸೊನ್ನೆ.
ಸೊನ್ನೆಯೂ ಸೊನ್ನೆ.
ಎಂಟು ಇದ್ದವನಿಗೂ ಏನೂ ಇಲ್ಲದವನಿಗೂ
ಒಂದೇ ಮುಖ ತೋರುವ ಇದನ್ನು ಏನೆನ್ನಲಿ?
ಒಗೆದ ಟವೆಲ್ಲು ತಂದ ಕಸ್ತೂರಬಾಯಿ ಇಣುಕಿ ನೋಡಿದಳು:
"ನಮ್ಮ ರೇಶನ್ ಕಚೇರಿ ಸಾಹೇಬನಂಗ ಅದ."

ಗಾಜಿಗೂ ಹಲಗೆಗೂ ನಡುವೆ ರಬ್ಬರಿನ ಪಟ್ಟಿ,
ಕಪ್ಪು ಬಿಳುಪು ಕಪ್ಪು ಬಿಳುಪು,
ಕೂದಲಿಗಿಂತ ಸಣ್ಣ ಗೆರೆಗಳು. ಒಂದರ ಮೇಲೆ
ಹತ್ತಿಯ ನವಿರು ಎಳೆ,
ಮಲ್ಲೇಶನ ಮಗ್ಗದ್ದೇ ಇರಬೇಕು, ಎಷ್ಟು ವರ್ಷದ್ದೋ.
ಮುದುಕನ ಕಿವಿಯ ಕೂದಲು ಕೀಳುವಂತೆ
ಉಸಿರು ಹಿಡಿದು
ಚಿಮಟಿಗೆಯಲ್ಲಿ ಎತ್ತಿದೆ.
ಎಸೆಯಲು ಮನಸ್ಸಾಗಲಿಲ್ಲ, ಮುಚ್ಚಳದಲ್ಲಿ
ಅವನ ಹೆಸರಿನ ಪಕ್ಕ ಅಂಟಿಸಿ ಸ್ಕ್ರೂ ಬಿಗಿದೆ.

ಬುಧವಾರ ಐಟಿಐಯ ನಿಂಬರ್ಗಿ ಮಾಸ್ತರರು
ತಮ್ಮ ಮೀಟರನ್ನು ಕೂಸಿನಂತೆ ಎತ್ತಿಕೊಂಡು ಬಂದರು.
ಒಂದೇ ಶೆಲ್ಲು. ಅವರದು ಒಂದೂವರೆಯ ಮೇಲೆ ಆರು ಅಂದಿತು,
ನನ್ನದು ಎಂಟು,
ನಡುಗೆರೆ ಸಮೇತ, ಮಸಿಯಂತೆ ಕಪ್ಪು ಎಂಟು.
"ಯಾವುದು ಖರೆ, ಸರ್?"
"ನಂದು ಅಳೀಲಿಕ್ಕ ಪುಣೆಗೆ ಕಳಸಬೇಕು."
"ಪುಣೆದು?"
"ದಿಲ್ಲಿಗೆ."
"ದಿಲ್ಲಿದು?"
ಮಾಸ್ತರರು ಕನ್ನಡಿಯಲ್ಲಿ ನನ್ನನ್ನೇ ಒಂದು ಗಳಿಗೆ ನೋಡಿ,
ಕುರ್ಚಿಗೆ ಒರಗಿ, ಗದ್ದ ಮೇಲೆತ್ತಿ,
"ಗಡ್ಡ ಮಾಡಪ್ಪಾ" ಅಂದರು.